ಒಂಬತ್ತು ಅಂಕದ ಮೌನ

ಫೋಟೊ ಸ್ಪರ್ಧೆಯಲ್ಲಿ ಗೆದ್ದವರಿಗೆ ಪದಕ ಸಿಗುತ್ತದೆ, ಪೂರ್ತಿ ಸೋತವರಿಗೆ ಪಾಠ ಸಿಗುತ್ತದೆ. ನಡುವೆ ನಿಂತವರಿಗೆ ಸಿಗುವುದು ಬರೀ ಒಂದು ಅಂಕಿ. ಹದಿನೈದಕ್ಕೆ ಒಂಬತ್ತು. ಚಿತ್ರ ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ, ಚೆನ್ನಾಗಿಲ್ಲ ಎಂದೂ ಹೇಳುವುದಿಲ್ಲ. ಯಾಕೆ ಒಂಬತ್ತು ಎಂದು ಕೇಳಿದರೆ ‘ತೀರ್ಪುಗಾರರ ನಿರ್ಧಾರವೇ ಅಂತಿಮ’ ಎಂಬ ಉತ್ತರ ಬರುತ್ತದೆ. ಮತ್ತೂ ಕೇಳಿದರೆ ‘ಒಳ್ಳೆಯ ಚಿತ್ರ ತಾನೇ ಮಾತಾಡಬೇಕು’ ಎನ್ನುತ್ತಾರೆ. ಮೊದಲನೆಯದು ನಿಯಮ, ಅದನ್ನು ಒಪ್ಪಿಕೊಂಡೇ ಎಲ್ಲರೂ ಸ್ಪರ್ಧೆಗೆ ಇಳಿದಿರುತ್ತಾರೆ. ಎರಡನೆಯದು ಕಾರಣ ಕೊಡಬೇಕಾದವರು ಜಾರಿಕೊಳ್ಳುವ ದಾರಿ.

ಈ ಮಾತನ್ನು ಪರೀಕ್ಷಿಸಲು ಸಿಂಹಾಚಲಂ ತಕ್ಕ ಜಾಗ. ವಿಶಾಖಪಟ್ಟಣದ ಅಂಚಿನ ಬೆಟ್ಟದ ಮೇಲಿರುವ ವರಾಹ ಲಕ್ಷ್ಮೀನರಸಿಂಹ, ಸುತ್ತಲಿನವರ ಬಾಯಲ್ಲಿ ಸಿಂಹಾದ್ರಿ ಅಪ್ಪನ್ನ, ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತಾನೆ. ನಿಜರೂಪ ಕಾಣುವುದು ಅಕ್ಷಯ ತದಿಗೆಯ ಒಂದೇ ದಿನ. ಅಂದಿನಿಂದ ಆಷಾಢ ಹುಣ್ಣಿಮೆಯವರೆಗೆ ನಾಲ್ಕು ಕಂತಿನಲ್ಲಿ ಮತ್ತೆ ಗಂಧ ಹಚ್ಚಿ ಮುಚ್ಚುತ್ತಾರೆ. ಕನ್ನಡಿಗರಿಗೆ ಇದು ಅಪರಿಚಿತ ಕ್ಷೇತ್ರವಲ್ಲ. ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರ ಹೆಸರು ಇಲ್ಲಿನ ಶಾಸನಗಳಲ್ಲಿದೆ. ಕೃಷ್ಣದೇವರಾಯನ 1516 ಮತ್ತು 1519ರ ಶಾಸನಗಳೂ ಇವೆ. ಗರ್ಭಗುಡಿಯೊಳಗೆ ಭಕ್ತರ ಕ್ಯಾಮೆರಾಕ್ಕೆ ಅವಕಾಶವಿಲ್ಲ. ಹಾಗಾಗಿ ಅಲ್ಲಿಗೆ ಹೋದ ಫೋಟೊಗ್ರಾಫರ್‌ಗೆ ದಕ್ಕುವುದು ದೇವರಲ್ಲ, ದೇವರಿಗಾಗಿ ಬಂದ ಜನ.

ಆ ಜನ ಅತಿ ಹೆಚ್ಚು ಕಾಣಿಸುವುದು ಆಷಾಢ ಹುಣ್ಣಿಮೆಯ ಹಿಂದಿನ ದಿನ, ಗಿರಿ ಪ್ರದಕ್ಷಿಣೆಯ ಹೊತ್ತಿನಲ್ಲಿ. ಬೆಟ್ಟದ ಬುಡದ ‘ತೊಲಿ ಪಾವಂಚ’ದಲ್ಲಿ, ಅಂದರೆ ಮೊದಲ ಮೆಟ್ಟಿಲಿನಲ್ಲಿ, ತೆಂಗಿನಕಾಯಿ ಒಡೆದು ಹೊರಟವರು ಸುಮಾರು 32 ಕಿಲೊಮೀಟರ್ ನಡೆಯುತ್ತಾರೆ. ಬಹಳಷ್ಟು ಮಂದಿ ಬರಿಗಾಲಲ್ಲಿ, ರಾತ್ರಿಯೆಲ್ಲ. ದಾರಿ ಕಾಡಿನದ್ದಲ್ಲ. ಹನುಮಂತವಾಕ, ಕಡಲ ಕಡೆಯ ಬಡಾವಣೆಗಳು, ಗೋಪಾಲಪಟ್ಟಣಂ ಎಂದು ನಗರದ ಡಾಂಬರು ರಸ್ತೆಯಲ್ಲೇ ಸಾಗುತ್ತದೆ.

ಅಲ್ಲಿ ತೆಗೆದ ಒಂದು ಚಿತ್ರವನ್ನು ಊಹಿಸಿಕೊಳ್ಳಿ. ನಡುರಾತ್ರಿ ದಾಟಿದೆ. ರಸ್ತೆಯ ಡಿವೈಡರ್ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಾಳೆ. ಹಿಮ್ಮಡಿ ಒಡೆದಿದೆ. ಒಬ್ಬ ಹುಡುಗ ನೀರಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು ಆ ಪಾದದ ಮೇಲೆ ಸುರಿಯುತ್ತಿದ್ದಾನೆ. ಹಿಂದೆ ಮುಚ್ಚಿದ ಶಟರು, ಅರ್ಧ ಕತ್ತರಿಸಿಹೋದ ಮೊಬೈಲ್ ಅಂಗಡಿಯ ಬೋರ್ಡು. ಗೋಪುರವಿಲ್ಲ, ದೀಪದ ಸಾಲಿಲ್ಲ, ಕುಂಕುಮದ ಓಕುಳಿ ಇಲ್ಲ. ಮೂವರು ತೀರ್ಪುಗಾರರು ತಲಾ ಒಂದರಿಂದ ಐದರವರೆಗೆ ಅಂಕ ಕೊಡುವ ಸ್ಪರ್ಧೆಗೆ ಈ ಚಿತ್ರ ಹೋಗಿದೆ, ಒಂಬತ್ತು ತಂದಿದೆ. ಯಾಕೆ?

ಮೊದಲು ಲೆಕ್ಕ ನೋಡಬೇಕು. ಒಂಬತ್ತು ಬರಲು ಹಲವು ದಾರಿಗಳಿವೆ. ಮೂವರೂ ತಲಾ ಮೂರು ಕೊಟ್ಟರೆ ಒಂಬತ್ತು. ಒಬ್ಬರು ಐದು, ಒಬ್ಬರು ಮೂರು, ಒಬ್ಬರು ಒಂದು ಕೊಟ್ಟರೂ ಒಂಬತ್ತೇ. ಮೊದಲನೆಯದು ಯಾರನ್ನೂ ತಟ್ಟದ ಚಿತ್ರ. ಎರಡನೆಯದು ಒಬ್ಬರನ್ನು ಅಲುಗಾಡಿಸಿದ, ಇನ್ನೊಬ್ಬರನ್ನು ಕೆರಳಿಸಿದ ಚಿತ್ರ. ಇವೆರಡಕ್ಕೂ ಅಜಗಜಾಂತರ, ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಎರಡೂ ಅಕ್ಕಪಕ್ಕ. ಪ್ರದರ್ಶನಕ್ಕೆ ಹತ್ತು ಅಂಕ ಬೇಕು ಎಂದಿಟ್ಟುಕೊಂಡರೆ, ನಾಲ್ಕು, ಮೂರು, ಮೂರು ಪಡೆದ ಚಿತ್ರ ಗೋಡೆಗೇರುತ್ತದೆ; ಐದು, ಮೂರು, ಒಂದು ಪಡೆದದ್ದು ಮನೆಗೆ ಬರುತ್ತದೆ. ಅಂದರೆ ಈ ಕೂಡುಲೆಕ್ಕ ಯಾರಿಗೂ ಬೇಸರ ತರದ ಚಿತ್ರಕ್ಕೆ ಮಣೆ ಹಾಕುತ್ತದೆ, ಒಬ್ಬರಿಗಾದರೂ ತೀರ ಹಿಡಿಸಿದ ಚಿತ್ರಕ್ಕೆ ಬಾಗಿಲು ಮುಚ್ಚುತ್ತದೆ.

ಇನ್ನು ಆ ಬಿಡಿ ಅಂಕಗಳಾದರೂ ಎಷ್ಟು ಗಟ್ಟಿ? ಫೋಟೊಗಳಿಂದ ಸ್ವಲ್ಪ ಆಚೆ ಹೋಗಿ, ವೈನ್ ಸ್ಪರ್ಧೆಯ ಒಂದು ಉದಾಹರಣೆ ನೋಡಬಹುದು. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದಲ್ಲಿ ರಾಬರ್ಟ್ ಹಾಜ್ಸನ್ ಎಂಬವರು ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು, ಅವರಿಗೆ ಗೊತ್ತಾಗದಂತೆ, ಮೂರು ಸಲ ಕೊಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮೂರೂ ಸಲ ಹತ್ತಿರಹತ್ತಿರದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಅವರೆಲ್ಲ ಅನುಭವಿಗಳು, ಪ್ರಾಮಾಣಿಕರು. ನೂರಾರು ಚಿತ್ರಗಳನ್ನು ಒಂದರ ಬೆನ್ನಿಗೆ ಒಂದರಂತೆ, ಕೆಲವೇ ಸೆಕೆಂಡು ನೋಡಿ ಗುಂಡಿ ಒತ್ತುವ ಫೋಟೊ ತೀರ್ಪುಗಾರರು ಮಾತ್ರ ಇದಕ್ಕೆ ಹೊರತು ಎಂದು ನಂಬಲು ಆಧಾರವೇನು? ಉರಿಯುವ ಬಣ್ಣದ ಹೋಳಿಯ ಚಿತ್ರದ ಹಿಂದೆ ಬಂದ ಮುದುಕಿಯ ಪಾದ ಮಂಕಾಗಿಯೇ ಕಾಣುತ್ತದೆ. ಅದೇ ಪಾದ ಮೂರು ಮಸುಕು ಚಿತ್ರಗಳ ನಂತರ ಬಂದಿದ್ದರೆ?

ಹೀಗಿರುವಾಗ ‘ಚಿತ್ರ ತಾನೇ ಮಾತಾಡಬೇಕು’ ಎನ್ನುವುದಕ್ಕೆ ಏನರ್ಥ? ಭಾಷೆಯಲ್ಲೂ ಯಾವ ಮಾತೂ ತಾನೇ ಮಾತಾಡುವುದಿಲ್ಲ. ‘ಅವಳು ನಿನ್ನೆ ಇಲ್ಲಿಗೆ ಬಂದಳು’ ಎಂಬ ವಾಕ್ಯದಲ್ಲಿ ಒಂದು ಅಕ್ಷರವೂ ಕಷ್ಟದ್ದಲ್ಲ. ಆದರೆ ಹೇಳಿದ್ದು ಯಾರು, ಯಾವತ್ತು, ಎಲ್ಲಿ ನಿಂತು ಎಂದು ಗೊತ್ತಿಲ್ಲದವರಿಗೆ ಅದರಿಂದ ಏನೂ ತಿಳಿಯದು. ಫೋಟೊ ಇಂಥ ವಾಕ್ಯಗಳದ್ದೇ ಜಾತಿ. ‘ಇವಳು, ಇಲ್ಲಿ, ಈಗ’ ಎಂದು ಬೆರಳು ತೋರಿಸುತ್ತದೆ. ಎಲ್ಲಿ, ಯಾವಾಗ ಎನ್ನುವುದನ್ನು ಬೇರೆ ಯಾರೋ ಹೇಳಬೇಕು.

ದೊಡ್ಡ ಸ್ಪರ್ಧೆಗಳಿಗೆ ಇದು ಗೊತ್ತಿದೆ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆ, ಬೆಲ್ಜಿಯಂನ ಶಾರ್ಲರ್ವಾ ಪಟ್ಟಣದ ಮೇಲಿನ ಚಿತ್ರಸರಣಿಗೆ ಜೊವಾನ್ನಿ ತ್ರೊಯಿಲೊ ಎಂಬ ಇಟಲಿಯ ಛಾಯಾಗ್ರಾಹಕನಿಗೆ ಕೊಟ್ಟ ಮೊದಲ ಬಹುಮಾನವನ್ನು ಹಿಂತೆಗೆದುಕೊಂಡಿತು. ಸರಣಿಯ ಒಂದು ಚಿತ್ರ ತೆಗೆದದ್ದು ಶಾರ್ಲರ್ವಾದಲ್ಲಲ್ಲ, ಬ್ರಸೆಲ್ಸ್‌ನ ಮೊಲೆನ್‌ಬೇಕ್‌ನಲ್ಲಿ ಎಂದು ಗೊತ್ತಾಗಿತ್ತು. ಬಹುಮಾನ ಬಂದಾಗ ಹೇಗಿತ್ತೋ ಹೋದಾಗಲೂ ಆ ಚಿತ್ರ ಹಾಗೇ ಇತ್ತು. ಬದಲಾದದ್ದು ಊರಿನ ಹೆಸರು. ಅಡಿಬರಹ ಸುಳ್ಳಾದರೆ ಚಿತ್ರ ಬೀಳುತ್ತದೆ ಎಂದಾದ ಮೇಲೆ, ಅಡಿಬರಹ ನಿಜವಾದರೆ ಚಿತ್ರ ಏಳಬಹುದು ಎಂದೂ ಒಪ್ಪಬೇಕಲ್ಲವೇ? ‘32 ಕಿಲೊಮೀಟರ್, ಬರಿಗಾಲು, ಗೋಪಾಲಪಟ್ಟಣಂ’ ಎಂಬಷ್ಟು ಓದಿ ನೋಡುವ ಪಾದವೇ ಬೇರೆ, ಏನೂ ಓದದೆ ನೋಡುವ ಪಾದವೇ ಬೇರೆ.

ಹಾಗೆಂದು ತಪ್ಪೆಲ್ಲ ತೀರ್ಪುಗಾರರದ್ದೇ ಎನ್ನುವುದೂ ಸೋಗು. ರಾತ್ರಿಯಿಡೀ ಜೊತೆಗೆ ನಡೆದು ಬಂದ ಫೋಟೊಗ್ರಾಫರ್‌ಗೆ ಆ ಚಿತ್ರದಲ್ಲಿ ಕಾಲುನೋವು, ತೆಂಗಿನಕಾಯಿ ಒಡೆದ ಸದ್ದು, ಕಡಲ ಗಾಳಿ ಎಲ್ಲವೂ ಇದೆ. ಫ್ರೇಮಿನಲ್ಲಿ ಮಾತ್ರ ಅವು ಯಾವುವೂ ಇಲ್ಲ. ಹಿಂದಿನ ಬೋರ್ಡು ಮೊದಲು ಕಣ್ಣಿಗೆ ಹೊಡೆಯುತ್ತಿದ್ದರೆ, ಹುಡುಗನ ಮುಖ ಕತ್ತಲಲ್ಲಿ ಕಳೆದುಹೋಗಿದ್ದರೆ, ಅದಕ್ಕೆ ಸಿಂಹಾದ್ರಿ ಅಪ್ಪನ್ನನೂ ಹೊಣೆಯಲ್ಲ, ತೀರ್ಪುಗಾರರೂ ಹೊಣೆಯಲ್ಲ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಶಟರು ಮಾತ್ರ ಉಳಿಯುತ್ತಿತ್ತೇನೋ. ತೆಗೆದವರ ನೆನಪನ್ನು ನೋಡುಗರು ಸಾಲವಾಗಿ ಪಡೆಯಲಾರರು. ಆದರೆ ಈ ಮಾತನ್ನು ಯಾರಾದರೂ ಹೇಳಿದರೆ ತಾನೇ ಗೊತ್ತಾಗುವುದು? ಒಂಬತ್ತು ಎಂಬ ಅಂಕಿ ಬೋರ್ಡನ್ನು ತೋರಿಸುವುದಿಲ್ಲ, ಹೋಳಿಯ ಚಿತ್ರದ ಹಿಂದೆ ಬಂದ ದುರದೃಷ್ಟವನ್ನೂ ತೋರಿಸುವುದಿಲ್ಲ. ತಿದ್ದಿಕೊಳ್ಳಬೇಕಾದ ತಪ್ಪನ್ನೂ ತಲೆ ಕೆಡಿಸಿಕೊಳ್ಳಬಾರದ ಆಕಸ್ಮಿಕವನ್ನೂ ಅದು ಒಂದೇ ಚೀಲಕ್ಕೆ ತುಂಬುತ್ತದೆ.

ನಮ್ಮ ಕ್ಯಾಮೆರಾ ಕ್ಲಬ್ಬುಗಳ ಋಣ ದೊಡ್ಡದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಷ್ಟು ಹಳೆಯದು. ಫೋಟೊಗ್ರಫಿ ಕಲಿಸುವ ಶಾಲೆಗಳು ಅಪರೂಪವಾಗಿದ್ದ ಕಾಲದಲ್ಲಿ ಇಂಥ ಕ್ಲಬ್ಬುಗಳೇ ಶಾಲೆಗಳಾಗಿದ್ದವು. ಹಿರಿಯರೊಬ್ಬರು ಪ್ರಿಂಟನ್ನು ಕೈಯಲ್ಲಿ ಹಿಡಿದು ‘ಇಲ್ಲಿ ನೋಡು, ಈ ಮೂಲೆ ಯಾಕೆ ಬೇಕು?’ ಎಂದು ಕೇಳುವುದರಿಂದ ಕಲಿಕೆ ನಡೆಯುತ್ತದೆಯೇ ಹೊರತು ಅಂಕದ ಪಟ್ಟಿಯಿಂದಲ್ಲ. ಆ ಪದ್ಧತಿಯನ್ನು ಸ್ಪರ್ಧೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗಬೇಕಾದ ಅಗತ್ಯವೇನಿದೆ?

ಸಾವಿರಾರು ಚಿತ್ರ ಬರುತ್ತವೆ, ಎಲ್ಲಕ್ಕೂ ಕಾರಣ ಬರೆಯುತ್ತಾ ಕೂರಲಾಗದು ಎನ್ನುತ್ತಾರೆ. ಸರಿ, ಎಲ್ಲಕ್ಕೂ ಬೇಡ. ಕೂಡಿಸಿದ ಮೊತ್ತದ ಬದಲು ಮೂರು ಬಿಡಿ ಅಂಕಗಳನ್ನು ಕೊಡಲಿ. ಇದಕ್ಕೆ ಖರ್ಚೇ ಇಲ್ಲ, ಹೇಗೂ ದಾಖಲಾಗಿರುವ ಅಂಕಗಳವು. ಅಡಿಬರಹವನ್ನು ಅಂಕ ಕೊಡುವ ಮುಂಚೆ ಓದಲಿ. ಐದು ಮತ್ತು ಒಂದು ಒಟ್ಟಿಗೆ ಬಿದ್ದ ಚಿತ್ರಗಳನ್ನಾದರೂ ಮತ್ತೊಮ್ಮೆ ತೆರೆಗೆ ತಂದು, ಇಬ್ಬರೂ ಒಂದೊಂದು ವಾಕ್ಯ ಹೇಳಲಿ. ಹೀಗೆ ಮಾಡಿದರೆ ಸ್ಪರ್ಧೆಯ ಗೌರವ ಕುಂದುತ್ತದೆ ಎಂಬ ಭಯಕ್ಕೆ 2017ರ ವರ್ಲ್ಡ್ ಪ್ರೆಸ್ ಫೋಟೊದಲ್ಲಿ ಉತ್ತರವಿದೆ. ಅಂಕಾರಾದಲ್ಲಿ ರಷ್ಯಾದ ರಾಯಭಾರಿಯ ಹತ್ಯೆಯ ಚಿತ್ರ ವರ್ಷದ ಫೋಟೊ ಆದಾಗ, ತೀರ್ಪುಗಾರರ ಮಂಡಳಿಯ ಅಧ್ಯಕ್ಷ ಸ್ಟುವರ್ಟ್ ಫ್ರಾಂಕ್ಲಿನ್ ತಾನು ಅದಕ್ಕೆ ವಿರುದ್ಧ ಮತ ಹಾಕಿದ್ದಾಗಿ ಪತ್ರಿಕೆಯಲ್ಲಿ ಬರೆದು, ಕಾರಣವನ್ನೂ ಕೊಟ್ಟರು. ಬಹುಮಾನ ಬಹುಮಾನವಾಗಿಯೇ ಉಳಿಯಿತು. ಓದಿದವರಿಗೆ ಮಾತ್ರ ಆ ಚಿತ್ರವನ್ನು ನೋಡಲು ಎರಡು ದಾರಿ ಸಿಕ್ಕಿತು.

ಇದು ಅಂಕದ ಮೇಲಿನ ಮುನಿಸು ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಕಾರಣ ಸಿಗದ ಫೋಟೊಗ್ರಾಫರ್ ಮುಂದಿನ ವರ್ಷ ಏನು ಮಾಡುತ್ತಾರೆ ಎನ್ನುವುದೇ ನಿಜವಾದ ಚಿಂತೆ. ಗೆದ್ದ ಚಿತ್ರಗಳನ್ನು ನೋಡಿ ಅವುಗಳ ಹಾಗೆ ತೆಗೆಯಲು ಹೊರಡುತ್ತಾರೆ. ಅದರಿಂದಲೇ ಕಂಬಳವೆಂದರೆ ಕೋಣದ ಮುಂದೆ ಚಿಮ್ಮುವ ಕೆಸರುನೀರು ಎಂದಾಗಿದೆ. ಆ ಕೋಣಗಳನ್ನು ವರ್ಷವಿಡೀ ಸಾಕಿದ ಕೈಗಳು ಪ್ರದರ್ಶನಗಳಲ್ಲಿ ಅಪರೂಪ. ಸಿಂಹಾಚಲದ ರಸ್ತೆಯಲ್ಲೂ ನಾಳೆ ಕ್ಯಾಮೆರಾಗಳು ಕರ್ಪೂರದ ಜ್ವಾಲೆಯತ್ತ, ಬಣ್ಣದ ಸೀರೆಗಳ ಸಾಲಿನತ್ತ ಮಾತ್ರ ತಿರುಗುತ್ತವೆ. ಡಿವೈಡರ್ ಮೇಲೆ ಕೂತ ಮುದುಕಿಯ ಪಾದಕ್ಕೆ ಹುಡುಗ ನೀರು ಸುರಿಯುತ್ತಲೇ ಇರುತ್ತಾನೆ, ಅದನ್ನು ತೆಗೆಯುವವರು ಇರುವುದಿಲ್ಲ.