ಮಳೆಗೆ ಮುನಿಯೋ ಬೈಕು

ಮಳೆ ಬಂದರೆ ನನ್ನ ಹಳೇ ಬೈಕು ಕೆಮ್ಮೋಕೆ ಶುರು. ಒಮ್ಮೆ ಫ್ಲೈಓವರ್ ಮೇಲೇ ಆಫ್ ಆಯ್ತು, ಬೆನ್ನಿಗೇ ಲಾರಿ. ಹಿಂದೆ ಕೂತಿದ್ದ ಮಗಳು ನನ್ನ ಜಾಕೆಟ್ ಬಿಡಲೇ ಇಲ್ಲ.

ಕಾರ್ಬುರೇಟರ್ ಕ್ಲೀನ್ ಮಾಡಿಸಿದೆ, ಪ್ಲಗ್ ಬದಲಿಸಿದೆ. ಊಹೂಂ. ಕೊನೆಗೊಂದು ರಾತ್ರಿ ಅಂಗಳದ ಲೈಟ್ ಆರಿಸಿ, ಎಂಜಿನ್ ಚಾಲೂ ಇಟ್ಟು, ದೂರದಿಂದಲೇ ಪ್ಲಗ್ ವೈರಿಗೆ ನೀರು ಸ್ಪ್ರೇ ಮಾಡಿದೆ. ನೀಲಿ ಕಿಡಿ! ವೈರಿನ ಬಿರುಕಿನಿಂದ ಕರೆಂಟು ಎಂಜಿನ್ನಿಗೆ ಹಾರ್ತಿತ್ತು. (ಮುಟ್ಟಬೇಡಿ, ಅಲ್ಲಿರೋದು ಸಾವಿರಾರು ವೋಲ್ಟ್.)

ಹೊಸ ವೈರು ಹಳೆಯದರಷ್ಟೇ ದಪ್ಪ ಇರಲಿ, ಸಾಮಾನ್ಯವಾಗಿ 7 ಮಿ.ಮೀ. ಕ್ಯಾಪನ್ನು ತಿರುಗಿಸಿ ಕೂರಿಸೋದಾದರೆ ಒಳಗೆ ತಾಮ್ರದ ಎಳೆಯೇ ಬೇಕು. ಕಾರಿನ ಕಾರ್ಬನ್ ವೈರಿನಲ್ಲಿ ಅದರ ಸ್ಕ್ರೂ ಸರಿಯಾಗಿ ಹಿಡಿಯಲ್ಲ. ರೆಸಿಸ್ಟರ್ ಕ್ಯಾಪ್ ಇದ್ದರೆ ಮತ್ತೆ ಅದನ್ನೇ ಹಾಕಿಸಿ. ಕೆಲವು ಬೈಕಲ್ಲಿ ವೈರು ಕಾಯಿಲ್‌ಗೇ ಅಂಟಿರುತ್ತೆ, ಆಗ ಕಾಯಿಲ್ಲೇ ಬದಲಿಸಬೇಕು. ನನ್ನದು ಪುಣ್ಯಕ್ಕೆ ಬಿಚ್ಚೋಕೆ ಬಂತು.

ಮೊನ್ನೆಯ ಜೋರು ಮಳೆಗೂ ಬೈಕು ಕೆಮ್ಮಲಿಲ್ಲ. ಮಗಳು ಮಾತ್ರ, "ಅಪ್ಪಾ, ಇವತ್ತು ಬಸ್ಸಲ್ಲೇ ಹೋಗ್ತೀನಿ" ಅಂದಳು.