ದಾರ್ಫುರ್: ಬರಗಾಲದ ತಲೆಗೆ ಕಟ್ಟಿದ ಅಪರಾಧ

ಸುಡಾನಿನ ಪಶ್ಚಿಮ ಅಂಚಿನಲ್ಲಿರುವ ದಾರ್ಫುರ್ ಪ್ರಾಂತ್ಯದ ಕಗ್ಗೊಲೆಗಳ ಮಾತು ಬಂದಾಗ, ಪರಿಸರ ಕಾಳಜಿಯುಳ್ಳ ನಾವು ಒಂದು ಸುಲಭದ ವಿವರಣೆಗೆ ಜೋತು ಬೀಳುತ್ತೇವೆ. ಮಳೆ ಕ್ಷೀಣಿಸಿತು, ಮರುಭೂಮಿ ಹಬ್ಬಿತು, ನೀರು-ಮೇವಿಗಾಗಿ ಜನ ಬಡಿದಾಡಿಕೊಂಡರು ಎನ್ನುತ್ತೇವೆ. ವಿಶ್ವಸಂಸ್ಥೆಯ ಅಂದಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಅವರೂ 2007ರಲ್ಲಿ, ಈ ಸಂಘರ್ಷದ ಮೂಲದಲ್ಲಿ ಹವಾಮಾನ ಬದಲಾವಣೆಯ ಪಾಲಿದೆಯೆಂದು ಬರೆದಿದ್ದರು. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ.

ದಾರ್ಫುರ್‌ನ ನಡುವೆ 3,000 ಮೀಟರ್ ಮೀರಿದ ಜೆಬೆಲ್ ಮರ್ರಾ ಪರ್ವತವಿದೆ. ಅದರ ಇಳಿಜಾರುಗಳಲ್ಲಿ ಫುರ್ ಜನರು ಬೇಸಾಯ ಮಾಡುತ್ತ ಬಂದರು. ಉತ್ತರದ ಒಣ ಬಯಲಿನಲ್ಲಿ ಅರಬ್ಬೀ ಬುಡಕಟ್ಟುಗಳು ಒಂಟೆ ಸಾಕಿದವು. ಇಬ್ಬರೂ ಮುಸ್ಲಿಮರೇ. ಸುಗ್ಗಿ ಮುಗಿದ ಮೇಲೆ ಹೊಲದ ಕೂಳೆಯನ್ನು ಜಾನುವಾರು ಮೇಯಬಹುದು, ಅವು ಸಾಗುವ ದಾರಿಯನ್ನು ಯಾರೂ ಅಡ್ಡಗಟ್ಟಬಾರದು ಎಂಬ ಕಟ್ಟಳೆಗಳಿದ್ದವು. ಜಗಳವಾದರೆ ಹಿರಿಯರು ಕುಳಿತು ಪರಿಹಾರ ಗೊತ್ತುಮಾಡುತ್ತಿದ್ದರು.

1970ರಲ್ಲಿ ಸುಡಾನ್ ಸರ್ಕಾರವು ನೋಂದಣಿಯಾಗದ ಭೂಮಿಯೆಲ್ಲ ತನ್ನದೆಂದು ಕಾನೂನು ಮಾಡಿತು. ಮರುವರ್ಷ ಬುಡಕಟ್ಟು ಮುಖ್ಯಸ್ಥರ ಆಡಳಿತವನ್ನೇ ರದ್ದುಪಡಿಸಿತು. ಹೀಗೆ ನ್ಯಾಯ ಹೇಳುವವರ ಬಲ ಕುಂದಿದ್ದ ನಾಡಿಗೆ 1984-85ರ ಭೀಕರ ಕ್ಷಾಮ ಬಂದಿತು. ಪಶುಪಾಲಕರು ಮೇವನ್ನರಸಿ ದಕ್ಷಿಣಕ್ಕೆ ಇಳಿದರು. ರೈತರು ಬೇಲಿ ಹಾಕಿದರು. ಕಲಹ ಬೆಳೆಯಿತು.

ಆದರೆ ಈ ಕಲಹವನ್ನು ನರಮೇಧವಾಗಿಸಿದ್ದು ಬರಗಾಲವಲ್ಲ. ದಶಕಗಳ ಕಡೆಗಣನೆಯಿಂದ ರೊಚ್ಚಿಗೆದ್ದ ದಾರ್ಫುರ್‌ನಲ್ಲಿ 2003ರಲ್ಲಿ ಬಂಡಾಯ ಸಿಡಿದಾಗ, ಒಮರ್ ಅಲ್ ಬಶೀರ್ ಸರ್ಕಾರವು ಜಂಜವೀದ್ ಎಂಬ ಅರಬ್ಬೀ ಪಡೆಗಳಿಗೆ ಆಯುಧ ಕೊಟ್ಟು ಫುರ್, ಮಸಾಲಿತ್ ಮತ್ತು ಝಘಾವಾ ಜನರ ಹಳ್ಳಿಗಳ ಮೇಲೆ ಛೂ ಬಿಟ್ಟಿತು. ವಿಮಾನಗಳಿಂದ ಬಾಂಬು ಹಾಕಿಸಿತು. ದಾಳಿಕೋರರು ಬಾವಿಗಳನ್ನೇ ಹಾಳುಗೆಡವಿದರು, ಹಣ್ಣಿನ ಮರಗಳನ್ನು ಕಡಿದುರುಳಿಸಿದರು. ಬರೀ ನೀರಿಗಾಗಿ ಹೋರಾಡುವವರು ಬಾವಿಯನ್ನು ಕೆಡಿಸುವರೇ? ಸುಮಾರು 3 ಲಕ್ಷ ಜನ ಸತ್ತರೆಂಬುದು ವಿಶ್ವಸಂಸ್ಥೆಯ ಅಂದಾಜು.

2009ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ಬಶೀರ್ ಬಂಧನಕ್ಕೆ ವಾರಂಟ್ ಹೊರಡಿಸಿತು. 2019ರಲ್ಲಿ ಆತ ಪದಚ್ಯುತನಾದರೂ ಆ ನ್ಯಾಯಾಲಯದ ಕಟಕಟೆ ಏರಿಲ್ಲ. ಜಂಜವೀದ್ ಮುಖಂಡ ಅಲಿ ಕುಶೈಬ್ ಅಪರಾಧಿಯೆಂದು ತೀರ್ಪಾಗಲು 2025ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಅದೇ ತಿಂಗಳು ಎಲ್ ಫಾಶೆರ್ ನಗರವು ‘ಕ್ಷಿಪ್ರ ಬೆಂಬಲ ಪಡೆ’ಯ ವಶವಾಗಿ, ಅಲ್ಲಿ ಮತ್ತೆ ಸಾಮೂಹಿಕ ಹತ್ಯೆಗಳು ನಡೆದವು. 2013ರಲ್ಲಿ ಜಂಜವೀದರಿಗೇ ಸಮವಸ್ತ್ರ ತೊಡಿಸಿ ಕಟ್ಟಿದ ಪಡೆಯದು. 2023ರ ಏಪ್ರಿಲ್‌ನಲ್ಲಿ ಸುಡಾನ್ ಸೈನ್ಯದ ಮೇಲೆಯೇ ಯುದ್ಧಕ್ಕಿಳಿಯಿತು. ದಾರ್ಫುರ್‌ನ ಚಿನ್ನದ ಗಣಿಗಳು ಅದರ ಬೊಕ್ಕಸ ತುಂಬಿದವು.

ಹವಾಮಾನ ಬದಲಾವಣೆಯ ಅಪಾಯವನ್ನು ನಾವು ಸಾರಲೇಬೇಕು. ಆದರೆ ಪ್ರಕೃತಿಯನ್ನೊಂದನ್ನೇ ಹೊಣೆಯಾಗಿಸಿದರೆ ಆಯುಧ ಕೊಟ್ಟವರೂ ಚಿನ್ನ ಕೊಂಡವರೂ ನುಣುಚಿಕೊಳ್ಳುತ್ತಾರೆ. ದಾರ್ಫುರ್ ಕುರಿತು ಮಾತನಾಡುವಾಗ ಮಳೆಯ ಲೆಕ್ಕದ ಜೊತೆಗೆ 1970ರ ಆ ಭೂಕಾನೂನನ್ನೂ, 2003ರ ಆ ಆಯುಧಗಳನ್ನೂ ನಾವು ಹೆಸರಿಸಬೇಕು.