ಗಗನದ ಗಂಟೆ, ಹಳಿಯ ಇರುಳು

ಬೆಂಗಳೂರಿನಲ್ಲಿ ಕುಳಿತು ಗಡಿಯಾರ ನೋಡುವವರಿಗೆ ಕರಾವಳಿಯೆಂದರೆ ಒಂದು ಗಂಟೆಯ ದಾರಿ. ದೇವನಹಳ್ಳಿಯಲ್ಲಿ ಮೇಲೇರಿದ ವಿಮಾನ ಸುಮಾರು ಅಷ್ಟರಲ್ಲಿಯೇ ಮಂಗಳೂರಿನ ಬಳಿಯ ಕೆಂಜಾರಿನಲ್ಲಿ ಇಳಿದಿರುತ್ತದೆ. ಆದರೆ ಬೈಂದೂರಿನವನ ಮನೆ ಕೆಂಜಾರಿನಲ್ಲಿಲ್ಲವಷ್ಟೆ! ಅಲ್ಲಿಂದ ಉಡುಪಿ, ಬ್ರಹ್ಮಾವರ, ಕೋಟ, ಕುಂದಾಪುರಗಳನ್ನು ಹಾದು ನೂರಕ್ಕೂ ಹೆಚ್ಚು ಕಿಲೋಮೀಟರು ಆತ ಹೆದ್ದಾರಿಯಲ್ಲಿ ಸಾಗಬೇಕು. ಹೊರಡುವ ಕಡೆಯಲ್ಲಿ ನಗರದಿಂದ ದೇವನಹಳ್ಳಿಗೆ ಒಂದು ಗಂಟೆ, ಅದೂ ರಸ್ತೆ ದಯೆ ತೋರಿದರೆ. ತಪಾಸಣೆಯ ಸಾಲುಗಳಿಗೆ ಇನ್ನೊಂದೂವರೆ ಗಂಟೆ. ಹೀಗೆ ಗಗನದ ಒಂದು ಗಂಟೆಗೆ ನೆಲದ ಮೇಲೆ ಐದು ಗಂಟೆಯ ಬಡ್ಡಿ ತೆರಬೇಕಾಗುತ್ತದೆ.

ಈ ಲೆಕ್ಕವನ್ನು ಇತರ ದೇಶಗಳು ಮಾಡಿ ಮುಗಿಸಿವೆ. ಮ್ಯಾಡ್ರಿಡ್ಡಿನಿಂದ ಬಾರ್ಸಿಲೋನಕ್ಕೆ 621 ಕಿಲೋಮೀಟರುಗಳ ವೇಗದ ಹಳಿ 2008ರಲ್ಲಿ ಪೂರ್ತಿಯಾದ ಮೇಲೆ, ಎರಡೂವರೆ ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ತಲಪಿಸುವ ರೈಲಿನ ಮುಂದೆ ವಿಮಾನಗಳು ತಮ್ಮ ಪ್ರಯಾಣಿಕರನ್ನು ಕಳೆದುಕೊಂಡವು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕೆಲವು ಊರುಗಳಿಗೆ ವಿಮಾನವನ್ನೇ ಫ್ರಾನ್ಸ್ 2023ರಲ್ಲಿ ನಿಷೇಧಿಸಿತು. ಮೇಲೇರುವಾಗಲೇ ಹೆಚ್ಚು ಇಂಧನವನ್ನು ಉರಿಸುವ ವಿಮಾನಕ್ಕೆ ಸಣ್ಣ ದಾರಿ ದುಂದುಗಾರಿಕೆಯೇ ಸರಿ.

ಇದನ್ನು ಓದಿದ ನಮ್ಮ ಕೆಲವು ಮಿತ್ರರು, ಮುಂಬಯಿ-ಅಹಮದಾಬಾದುಗಳ ನಡುವೆ 2017ರಲ್ಲಿ ಶಂಕುಸ್ಥಾಪನೆಯಾದ 508 ಕಿಲೋಮೀಟರುಗಳ ಬುಲೆಟ್ ರೈಲಿನಂಥದೊಂದು ನಮ್ಮ ಕಡಲ ತಡಿಗೂ ಬರಲಿ ಎನ್ನುತ್ತಾರೆ. ನನಗೆ ಆ ಉತ್ಸಾಹವಿಲ್ಲ. ಗಂಟೆಗೆ 320 ಕಿಲೋಮೀಟರು ಓಡುವ ಗಾಡಿ ಬಾರ್ಕೂರಿನಲ್ಲಿ ನಿಂತೀತೆ? ಬಿಜೂರಿನಲ್ಲಿ ನಿಂತೀತೆ? ನಿಂತರೆ ವೇಗವಿಲ್ಲ, ನಿಲ್ಲದಿದ್ದರೆ ನಮಗೆ ಅದು ನೆಲದ ಮೇಲೆ ಹಾರುವ ಇನ್ನೊಂದು ವಿಮಾನ. ಮಂಗಳೂರು-ಗೋವೆಗಳ ನಡುವಣ ವಂದೇ ಭಾರತ್ ಗಾಡಿ 2023ರ ಡಿಸೆಂಬರಿನಲ್ಲಿ ಹೊರಟಾಗ ಅದರ ಪಟ್ಟಿಯಲ್ಲಿ ಕುಂದಾಪುರದ ಹೆಸರಿರಲಿಲ್ಲ. ಅದು ಬುಲೆಟ್ ರೈಲೂ ಆಗಿರಲಿಲ್ಲ.

ನಮ್ಮ ಕಡೆಯ ಚರಿತ್ರೆಯೇ ಒಂದು ವಿನೋದ. ವಿಮಾನ ಬಜಪೆಗೆ 1951ರಲ್ಲಿಯೇ ಬಂದಿತು. ಆಗ ಕುಂದಾಪುರದವರು ಮಂಗಳೂರಿಗೆ ಹೋಗಲು ಹೊಳೆಯ ಕಡವಿನಲ್ಲಿ ದೋಣಿಗಾಗಿ ಕಾಯುತ್ತಿದ್ದರು. ಕೊಂಕಣ ರೈಲು ಉಡುಪಿಗೆ ಬಂದದ್ದು 1993ರಲ್ಲಿ, ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರುಗಳು ಒಂದಾದದ್ದು 1998ರಲ್ಲಿ. ಅಷ್ಟಾದರೂ ಬೆಂಗಳೂರು ದೂರವೇ ಉಳಿಯಿತು. ಕೊನೆಗೆ, ಮಂಗಳೂರು ಪೇಟೆಯೊಳಕ್ಕೆ ಹೊಕ್ಕು ತಿರುಗದೆ ಪಡೀಲಿನಿಂದ ನೇರವಾಗಿ ಬಡಗಣಕ್ಕೆ ಹೊರಳುವ ಬೆಂಗಳೂರು-ಕಾರವಾರ ಗಾಡಿ 2020ರ ಮಾರ್ಚಿನಲ್ಲಿ ಬಂದಿತು. ಇಂದು ಅದರ ಹೆಸರು ಪಂಚಗಂಗಾ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡಿ ಕಡಲು ಸೇರುವುದನ್ನು ಕಂಡವರಿಗೆ ಈ ಹೆಸರಿನ ಹಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಗಾಡಿಯಿಂದ ಬೇಗವೆನಿಸಿದ್ದು ಇದರ ಓಟದಿಂದಲ್ಲ, ಸುತ್ತು ತಪ್ಪಿದ್ದರಿಂದ.

ಇನ್ನೂ ತಪ್ಪಬೇಕಾದ ವಿಳಂಬ ಘಟ್ಟದಲ್ಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 55 ಕಿಲೋಮೀಟರು, 57 ಸುರಂಗ, ಐವತ್ತು ಅಡಿಗೆ ಒಂದು ಅಡಿಯ ಏರು. ಅಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರಿನಂತೆ ತೆವಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ದಾರಿ ವಾರಗಟ್ಟಲೆ ಮುಚ್ಚಿತು. 2024ರ ಜುಲೈನಲ್ಲಿ ಯಡಕುಮರಿಯ ಬಳಿ ಮತ್ತೆ ಕುಸಿಯಿತು. ಇಂಥ ಮಲೆಯನ್ನು ಬಾಣದ ವೇಗಕ್ಕಾಗಿ ಹೊಸದಾಗಿ ಕೊರೆಯುವುದು ಸಾಹಸವಲ್ಲ, ಹಟ. ಇಳಿಜಾರುಗಳನ್ನು ಭದ್ರಪಡಿಸಿ, ಕರಾವಳಿಯ ಒಂಟಿ ಹಳಿಯನ್ನು ಜೋಡಿಯಾಗಿಸಿ, ಎದುರು ಗಾಡಿಗಾಗಿ ನಿಲ್ದಾಣಗಳಲ್ಲಿ ಕಾಯುವುದನ್ನು ತಪ್ಪಿಸಿದರೆ ಇರುಳಿಡೀ ಹಿಡಿಯುವ ಪಯಣ ಎಂಟು ಗಂಟೆಗೆ ಇಳಿಯಬಾರದೇಕೆ? ಅಂದು ವಿಮಾನದ ಆರು ಗಂಟೆಗೂ ರೈಲಿನ ಎಂಟಕ್ಕೂ ಅಂತರ ಅತ್ಯಲ್ಪ. ಅದರಲ್ಲಿಯೂ ರೈಲಿನ ಎಂಟು ಗಂಟೆ ನಿದ್ರೆಯಲ್ಲಿ ಕಳೆಯುವಂಥದು.

ತೀರ ಅವಸರದ ಸಾವು-ನೋವಿಗೆ ವಿಮಾನ ಬೇಡವೆನ್ನಲಾರೆ. ಆದರೆ ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವ ನಮ್ಮೂರ ಹುಡುಗನಿಗೆ ತಾಯಿಯ ಕಾಯಿಲೆಯ ಸುದ್ದಿ ಬಂದಾಗ, ನಾಳಿನ ವಿಮಾನದ ದರ ಅವನ ತಿಂಗಳ ಸಂಬಳವನ್ನು ಅಣಕಿಸುತ್ತದೆ. ಅವನು ಸಂಜೆ ಕೆಲಸದ ಬಟ್ಟೆಯಲ್ಲಿಯೇ ಗಾಡಿ ಹತ್ತಿ, ಬೆಳಗಾಗುವ ಹೊತ್ತಿಗೆ ಮೂಕಾಂಬಿಕಾ ರಸ್ತೆ ನಿಲ್ದಾಣದಲ್ಲಿ ಇಳಿಯುತ್ತಾನೆ. ಅಲ್ಲಿಂದ ಮನೆಗೆ ರಿಕ್ಷಾ ಸಾಕು.